ಬಾಗಿಲಿಗೆ ಮರಳಿನ ಮೂಟೆ ಇಟ್ಟರೆ ಮಳೆನೀರು ಮನೆಯೊಳಗೆ ಬರುವುದಿಲ್ಲವೇ?

ಮಳೆ ಜೋರಾದ ಕೂಡಲೇ ಬಡಾವಣೆಯ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್, ಅಂಗಡಿಯವರ ಗ್ರೂಪ್‌ಗಳಲ್ಲೆಲ್ಲ ಒಂದೇ ಬಗೆಯ ಸಲಹೆ ಓಡಾಡತೊಡಗುತ್ತದೆ. ಬಾಗಿಲಿಗೆ ನಾಲ್ಕು ಮರಳಿನ ಮೂಟೆ ಇಡಿ, ನೀರು ಒಳಗೆ ಬರುವುದಿಲ್ಲ, ನಿಶ್ಚಿಂತೆಯಿಂದ ಮಲಗಿ ಎನ್ನುವುದು ಅದರ ಸಾರ. ಸಲಹೆ ಪೂರ್ತಿ ಸುಳ್ಳಲ್ಲ. ಆದರೆ "ನಿಶ್ಚಿಂತೆಯಿಂದ ಮಲಗಿ" ಎನ್ನುವ ಭಾಗ ಅಪಾಯಕಾರಿ.

ಚುಟುಕಾಗಿ ಹೇಳುವುದಾದರೆ:

• ಮರಳಿನ ಮೂಟೆ ನೀರನ್ನು ಪೂರ್ತಿ ತಡೆಯುವುದಿಲ್ಲ. ನಿಧಾನಿಸುತ್ತದೆ, ಪಕ್ಕಕ್ಕೆ ತಿರುಗಿಸುತ್ತದೆ.
• ಒಂದು ಅಡಿಯೊಳಗಿನ ನೀರಿಗೆ, ಸರಿಯಾಗಿ ಜೋಡಿಸಿದರೆ ಮಾತ್ರ ಒಳ್ಳೆಯ ಉಪಯೋಗ.
• ಬಚ್ಚಲು, ಟಾಯ್ಲೆಟ್ ಮೂಲಕ ಉಕ್ಕುವ ನೀರಿಗೆ ಬಾಗಿಲಿನ ಮೂಟೆ ಏನೂ ಮಾಡಲಾರದು.
• ಮೂಟೆ ಕೊಡುವುದು ಸ್ವಲ್ಪ ಸಮಯ ಮಾತ್ರ. ಆ ಸಮಯದಲ್ಲಿ ಕರೆಂಟ್ ಆಫ್ ಮಾಡಿ ಜನರನ್ನು ಮೇಲಕ್ಕೆ ಕಳಿಸುವುದೇ ಮುಖ್ಯ ಕೆಲಸ.

ಮಳೆನೀರು ಎಲ್ಲಿಂದ ಬರುತ್ತದೆ?

ಬೆಂಗಳೂರನ್ನೇ ತೆಗೆದುಕೊಳ್ಳಿ. ಇಲ್ಲಿ ದೊಡ್ಡ ನದಿಯಿಲ್ಲ, ಸಮುದ್ರವಿಲ್ಲ. ಎತ್ತರದ ದಿಣ್ಣೆಯ ಮೇಲಿರುವ ಊರು. ಆದರೂ 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದವು. ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಚಿತ್ರಗಳು ಎಲ್ಲರಿಗೂ ನೆನಪಿವೆ. ಮರುದಿನ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಗಳಲ್ಲಿ ನಗರದಲ್ಲಿ ದಾಖಲಾದ ಮಳೆ ಸುಮಾರು 131 ಮಿಲಿಮೀಟರ್.

ಈ ಮಿಲಿಮೀಟರ್ ಲೆಕ್ಕ ಕೇಳಲು ಸಣ್ಣದು. 30x40 ಸೈಟಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 11,000 ಲೀಟರ್ ನೀರಾಗುತ್ತದೆ. ಹೆಚ್ಚುಕಡಿಮೆ ಎರಡು ಟ್ಯಾಂಕರ್. ಒಂದೇ ಬೀದಿಯಲ್ಲಿ ಅಂಥ 50 ಸೈಟುಗಳಿದ್ದರೆ 100 ಟ್ಯಾಂಕರ್ ನೀರು. ಮೊದಲು ಮಣ್ಣು ಒಂದಷ್ಟು ಕುಡಿಯುತ್ತಿತ್ತು, ಕೆರೆ ಒಂದಷ್ಟು ಹಿಡಿದಿಡುತ್ತಿತ್ತು, ಉಳಿದದ್ದು ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗುತ್ತಿತ್ತು. ಈಗ ನೆಲವೆಲ್ಲ ಕಾಂಕ್ರೀಟ್. ಅನೇಕ ಕಡೆ ರಾಜಕಾಲುವೆ ಕಿರಿದಾಗಿದೆ, ಕಸ ಹೂಳಿನಿಂದ ಕಟ್ಟಿಕೊಂಡಿದೆ. ನೀರು ತಗ್ಗು ಹುಡುಕಿಕೊಂಡು ರಸ್ತೆಗೆ, ಬೇಸ್‌ಮೆಂಟಿಗೆ, ನೆಲಮಹಡಿಗೆ ಬರುತ್ತದೆ.

ಹಾಗಾಗಿ ಇದು ನದಿಯ ಪ್ರವಾಹದಂತೆ ಒಂದೇ ದಿಕ್ಕಿನಿಂದ ಬರುವುದಿಲ್ಲ. ಗೇಟಿನಿಂದ, ಪಕ್ಕದ ಸೈಟಿನಿಂದ, ಮ್ಯಾನ್‌ಹೋಲಿನಿಂದ, ಬಚ್ಚಲಿನ ತೂಬಿನಿಂದ ಒಟ್ಟಿಗೇ ಬರುತ್ತದೆ. ನಾವು ಮಾತ್ರ ಮುಂಬಾಗಿಲೊಂದನ್ನೇ ಕಾಯುತ್ತಿರುತ್ತೇವೆ.

ಮೂಟೆ ನಿಜವಾಗಿ ಮಾಡುವುದೇನು?

ಕರಾವಳಿಯ ಕೃಷಿಕರು ಮಳೆಗಾಲ ಮುಗಿದ ಮೇಲೆ ಹಳ್ಳ ತೋಡುಗಳಿಗೆ ತಾತ್ಕಾಲಿಕ ಕಟ್ಟ ಕಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮರಳು ತುಂಬಿದ ಚೀಲಗಳನ್ನು ಸಾಲಾಗಿ ಪೇರಿಸಿ, ಸಂದಿಗಳಿಗೆ ಮಣ್ಣು ಮೆತ್ತಿ ಅಥವಾ ಪ್ಲಾಸ್ಟಿಕ್ ಹೊದಿಸಿ ನೀರು ನಿಲ್ಲಿಸುತ್ತಾರೆ. ಬರೀ ಚೀಲ ಇಟ್ಟರೆ ನೀರು ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತು. ಹರಿವು ಇಳಿದ ಕಾಲದಲ್ಲಿ, ನಾಲ್ಕಾರು ಜನ ಸೇರಿ, ಪುರುಸೊತ್ತಿನಲ್ಲಿ ಮಾಡುವ ಕೆಲಸ ಅದು. ನಾವು ಅದನ್ನೇ ಮಧ್ಯರಾತ್ರಿ, ಸುರಿಯುವ ಮಳೆಯಲ್ಲಿ, ನೀರು ಹೊಸ್ತಿಲಿಗೆ ಬಂದ ಮೇಲೆ ಮಾಡಲು ಹೊರಡುತ್ತೇವೆ.

ಮರಳಿನ ಕಣಗಳ ನಡುವೆ ಜಾಗವಿದೆ, ನೀರು ಜಿನುಗುತ್ತದೆ. ಎರಡು ಚೀಲಗಳ ನಡುವಿನ ಸಂದಿಯಲ್ಲಂತೂ ಹರಿದೇ ಬರುತ್ತದೆ. ಆದ್ದರಿಂದ ಮೂಟೆಯ ಹಿಂದೆ ನೆಲ ಒರೆಸುವ ಬಟ್ಟೆ, ಬಕೆಟ್ ಇಟ್ಟುಕೊಂಡೇ ಇರಬೇಕು.

ಸಾಮಾನ್ಯ ನಂಬಿಕೆಗಳು, ನಿಜ ಸಂಗತಿಗಳು

ನಂಬಿಕೆ 1: ಚೀಲವನ್ನು ಬಿಗಿಯಾಗಿ ತುಂಬಿದಷ್ಟೂ ಒಳ್ಳೆಯದು.

ತಪ್ಪು. ಬಿಗಿಯಾಗಿ ತುಂಬಿದ ಚೀಲ ಕುಂಬಳಕಾಯಿಯಂತೆ ದುಂಡಗಾಗುತ್ತದೆ. ಎರಡು ಕುಂಬಳಕಾಯಿ ಪಕ್ಕಪಕ್ಕ ಇಟ್ಟರೆ ನಡುವೆ ಸಂದಿ ಉಳಿಯುತ್ತದಲ್ಲವೇ? ಅರ್ಧದಿಂದ ಮೂರನೇ ಎರಡು ಭಾಗದಷ್ಟು ಮಾತ್ರ ತುಂಬಿದರೆ ಚೀಲ ಚಪ್ಪಟೆಯಾಗಿ ಕೂತು ಪಕ್ಕದ ಚೀಲಕ್ಕೆ ಅಂಟಿಕೊಳ್ಳುತ್ತದೆ. ತೂಕ 15ರಿಂದ 18 ಕೆಜಿ ಇದ್ದರೆ ಸಾಕು. ಸಿಮೆಂಟಿನ ಖಾಲಿ ಚೀಲ ಬಳಸುವವರು ಗಮನಿಸಿ: ಅದರಲ್ಲಿ ಪೂರ್ತಿ ಮರಳು ತುಂಬಿದರೆ 50 ಕೆಜಿ ದಾಟುತ್ತದೆ. ಮೂರನೇ ಒಂದು ಭಾಗ ತುಂಬಿದರೂ ಸಾಕು. ಇಲ್ಲದಿದ್ದರೆ ಎತ್ತುವವರ ಸೊಂಟ ಹಿಡಿಯುತ್ತದೆ.

ನಂಬಿಕೆ 2: ನಾಲ್ಕು ಮೂಟೆ ಸಾಕು.

ಬ್ರಿಟನ್ನಿನ ಪರಿಸರ ಇಲಾಖೆಯ ಮಾರ್ಗಸೂಚಿ ಹೇಳುವುದು, ಸಾಮಾನ್ಯ ಬಾಗಿಲೊಂದಕ್ಕೆ 20 ಸೆಂ.ಮೀ. ಆಳದ ನೀರು ತಡೆಯಲು ಕನಿಷ್ಠ ಆರು ಮೂಟೆ ಬೇಕು ಎಂದು. ಬಾಗಿಲಿಗೆ ಎರಡೂ ಕಡೆ ಗೋಡೆಯ ಆಸರೆಯಿದೆ, ಅದಕ್ಕೆ ಅಷ್ಟರಲ್ಲಿ ಆಗುತ್ತದೆ. ಅಂಗಡಿಯ ಮುಂದೆ ಬಯಲಿನಲ್ಲಿ ಗೋಡೆ ಕಟ್ಟುವುದಾದರೆ ಲೆಕ್ಕವೇ ಬೇರೆ. ಮೂಟೆಯ ಗೋಡೆ ನಿಲ್ಲಬೇಕಾದರೆ ಬುಡ ಎತ್ತರದ ಮೂರು ಪಟ್ಟು ಅಗಲವಿರಬೇಕು. ಒಂದು ಅಡಿ ಎತ್ತರಕ್ಕೆ ಕೆಳಗೆ ಮೂರು, ಮೇಲೆ ಎರಡು, ಅದರ ಮೇಲೆ ಒಂದು ಎಂದರೆ ಪ್ರತಿ ಅಡಿ ಉದ್ದಕ್ಕೆ ಆರು ಮೂಟೆ. ಹತ್ತು ಅಡಿಯ ಶಟರ್ ಮುಂದೆ 60 ಮೂಟೆ, ಹತ್ತಿರ ಹತ್ತಿರ ಒಂದು ಟನ್ ಮರಳು. ಎತ್ತರ ಎರಡು ಅಡಿಗೆ ಏರಿಸಿದರೆ ಅದೇ ಲೆಕ್ಕದಲ್ಲಿ 210 ಮೂಟೆ!

ನಂಬಿಕೆ 3: ನೀರು ಏರಿದಂತೆ ಮೂಟೆಯನ್ನೂ ಏರಿಸುತ್ತ ಹೋದರಾಯಿತು.

ಇಲ್ಲ. ಒಂದು ಮೀಟರ್ ಅಗಲದ ತಡೆಯ ಮೇಲೆ 30 ಸೆಂ.ಮೀ. ಆಳದ ನೀರು ಸುಮಾರು 45 ಕೆಜಿ ಭಾರದಷ್ಟು ಬಲದಿಂದ ಒತ್ತುತ್ತದೆ. ಆಳ 60 ಸೆಂ.ಮೀ. ಆದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಸುಮಾರು 180 ಕೆಜಿ. ಒಂದು ಮೀಟರ್ ಆದರೆ 500 ಕೆಜಿ. ಈ ಒತ್ತಡ ಬಾಗಿಲಿನ ಮೇಲಷ್ಟೇ ಅಲ್ಲ, ಗೋಡೆಯ ಮೇಲೂ ಬೀಳುತ್ತದೆ. ಹೊರಗೆ 60 ಸೆಂ.ಮೀ.ಗಿಂತ ಹೆಚ್ಚು ನೀರು ನಿಂತಿರುವಾಗ ಒಳಗೆ ಪೂರ್ತಿ ಒಣಗಿರಲಿ ಎಂದು ಹಟ ಹಿಡಿದರೆ ಗೋಡೆಯೇ ಬಿರುಕು ಬಿಡಬಹುದು, ಬೀಳಬಹುದು. ಆ ಹಂತದಲ್ಲಿ ಸಾಮಾನಿನ ಆಸೆ ಬಿಟ್ಟು ಮೇಲಕ್ಕೆ ಹೋಗಬೇಕು.

ನಂಬಿಕೆ 4: ಬಾಗಿಲು ಭದ್ರವಾದರೆ ಮನೆ ಭದ್ರ.

ಬೆಂಗಳೂರಿನಲ್ಲಿ ಅನೇಕ ಮನೆಗಳ ಚಾವಣಿಯ ಮಳೆನೀರನ್ನು ನಿಯಮ ಮೀರಿ ಒಳಚರಂಡಿಗೆ ಸೇರಿಸಿರುತ್ತಾರೆ. ಜೋರು ಮಳೆಗೆ ಒಳಚರಂಡಿ ತುಂಬಿ, ಕೊಳಚೆ ನೀರು ಹಿಂದಕ್ಕೆ ಬಂದು ನೆಲಮಹಡಿಯ ಬಚ್ಚಲು, ಕಮೋಡ್‌ಗಳಲ್ಲಿ ಉಕ್ಕುತ್ತದೆ. ಇದಕ್ಕೆ ಬಾಗಿಲಿನ ಮೂಟೆ ಉತ್ತರವಲ್ಲ. ಪ್ಲಂಬರ್‌ಗೆ ಹೇಳಿ ಹೊರಹೋಗುವ ಪೈಪಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿಸಬೇಕು. ತುರ್ತಿಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸಣ್ಣ ಮರಳಿನ ಗಂಟೊಂದನ್ನು ಬಚ್ಚಲಿನ ತೂಬಿನ ಮೇಲೆ, ಕಮೋಡ್ ಒಳಗೆ ಇಡಬಹುದು. ಸಂಪಿನ ಮುಚ್ಚಳ ಬಿಗಿಯಾಗಿದೆಯೇ ಎಂದೂ ನೋಡಿ. ಕೊಳಚೆ ಸಂಪಿಗೆ ಸೇರಿದರೆ ಕುಡಿಯುವ ನೀರೇ ಹಾಳು.

ನಂಬಿಕೆ 5: ಗೇಟಿಗೆ ಮೂಟೆ ಇಟ್ಟರೆ ಕಾಂಪೌಂಡೇ ಸುರಕ್ಷಿತ.

ಹೊರಗಿನ ನೀರು ತಡೆದಿರಿ, ಸರಿ. ನಿಮ್ಮದೇ ಸೈಟಿನ ಮೇಲೆ ಬೀಳುವ 11,000 ಲೀಟರ್ ಎಲ್ಲಿಗೆ ಹೋಗಬೇಕು? ಗೇಟು ಕಟ್ಟಿದರೆ ಕಾಂಪೌಂಡೇ ತೊಟ್ಟಿಯಾಗುತ್ತದೆ. ಚಾವಣಿಯ ಪೈಪು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡ ಮೇಲೆ ಗೇಟಿನ ಮಾತು.

ಸರಿಯಾಗಿ ಇಡುವುದು ಹೇಗೆ?

1. ಮರಳು, ಎಂ-ಸ್ಯಾಂಡ್ ಅಥವಾ ಕಲ್ಲಿಲ್ಲದ ಮಣ್ಣು ಬಳಸಿ. ಜಲ್ಲಿ ಬೇಡ, ಅದರಲ್ಲಿ ನೀರು ಸರಾಗವಾಗಿ ಹರಿಯುತ್ತದೆ.
2. ಮೂಟೆ ಕೂರುವ ಜಾಗದಲ್ಲಿ ಕಸ, ಕಾಲೊರಸು ಏನೂ ಇರದಂತೆ ಗುಡಿಸಿ.
3. ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲನ್ನು ಬಾಗಿಲಿನ ಕೆಳಭಾಗಕ್ಕೂ ಹೊಸ್ತಿಲಿಗೂ ತಾಗುವಂತೆ ಹಾಸಿ, ಅದರ ಮೇಲೆ ಮೂಟೆ ಇಡಿ. ನೀರು ತಡೆಯುವುದು ಹೆಚ್ಚಾಗಿ ಈ ಹಾಳೆ. ಮೂಟೆ ಅದನ್ನು ಒತ್ತಿ ಹಿಡಿಯುತ್ತದೆ.
4. ಚೀಲದ ಬಾಯಿ ಕಟ್ಟಬೇಕೆಂದಿಲ್ಲ. ಮಡಚಿ ಚೀಲದ ಅಡಿಗೆ ಸೇರಿಸಿ, ಮಡಚಿದ ತುದಿ ನೀರು ಬರುವ ಕಡೆಗಿರಲಿ.
5. ಇಟ್ಟಿಗೆ ಕಟ್ಟಿದಂತೆ, ಕೆಳಸಾಲಿನ ಸಂದಿಯ ಮೇಲೆ ಮೇಲಿನ ಮೂಟೆ ಬರಲಿ. ಪ್ರತಿ ಸಾಲನ್ನೂ ಕಾಲಿನಿಂದ ತುಳಿದು ಚಪ್ಪಟೆ ಮಾಡಿ.

ಪ್ರತಿ ವರ್ಷ ನೀರು ನುಗ್ಗುವ ಜಾಗವಾದರೆ ಮೂಟೆಗಿಂತ ಶಾಶ್ವತ ಉಪಾಯವೇ ಲೇಸು. ಹೊಸ್ತಿಲು ಎತ್ತರಿಸುವುದು, ಬೇಸ್‌ಮೆಂಟ್ ಇಳಿಜಾರಿನ ತಲೆಯಲ್ಲಿ ದಿಬ್ಬ ಕಟ್ಟಿಸುವುದು, ಬಾಗಿಲಿನ ಎರಡೂ ಪಕ್ಕ ಕಬ್ಬಿಣದ ಗಾಡಿ ಕೂರಿಸಿ ರಬ್ಬರ್ ಅಂಚಿನ ಹಲಗೆ ಇಳಿಸುವುದು. ನೀರು ಹೀರಿ ಉಬ್ಬುವ ರೆಡಿಮೇಡ್ ಚೀಲಗಳೂ ಸಿಗುತ್ತವೆ. ಮಗುವಿನ ಡೈಪರಿನಲ್ಲಿರುವಂಥದೇ ವಸ್ತು ಅದರಲ್ಲಿದೆ. ಹೊರಲು ಹಗುರ, ಆದರೆ ಸಂದಿಯ ಸಮಸ್ಯೆ ಅದಕ್ಕೂ ತಪ್ಪಿದ್ದಲ್ಲ.

ತಿರುಗಿಸಿದ ನೀರು ಯಾರ ಮನೆಗೆ?

ಫಾರ್ವರ್ಡ್‌ಗಳಲ್ಲಿ ಕಾಣದ ಪ್ರಶ್ನೆ ಇದು. ಮೂಟೆ ನೀರನ್ನು ಇಲ್ಲವಾಗಿಸುವುದಿಲ್ಲ, ಬೇರೆ ಕಡೆಗೆ ಕಳಿಸುತ್ತದೆ. ನಿಮ್ಮ ಹೊಸ್ತಿಲಿಗೆ ಇಟ್ಟ ಮೂಟೆಯಿಂದ ಬೀದಿಗೆ ದೊಡ್ಡ ವ್ಯತ್ಯಾಸವಾಗದು. ಆದರೆ ರಸ್ತೆಗೆ ಅಡ್ಡವಾಗಿ, ಚರಂಡಿಯ ಬಾಯಿಗೆ, ರಾಜಕಾಲುವೆಯ ತಿರುವಿಗೆ ಮೂಟೆ ಇಟ್ಟರೆ ಆ ನೀರು ತಗ್ಗಿನಲ್ಲಿರುವವರ ಮೇಲೆ ಬೀಳುತ್ತದೆ. ತಗ್ಗಿನಲ್ಲಿ ಇರುವವರು ಯಾರು? ಬಹಳ ಕಡೆ ಶೆಡ್ಡುಗಳಲ್ಲಿರುವ ಕೂಲಿಯವರು, ಬೇಸ್‌ಮೆಂಟಿನ ಸಣ್ಣ ಕೋಣೆಯಲ್ಲಿ ಮಲಗುವ ವಾಚ್‌ಮನ್ ಕುಟುಂಬ. ನೀರು ಏರುವ ಸೂಚನೆ ಕಂಡರೆ ಕಾರು ಹೊರತೆಗೆಯುವ ಮೊದಲು ಅವರನ್ನು ಎಬ್ಬಿಸಿ ಮೇಲಕ್ಕೆ ಕರೆತನ್ನಿ.

ಮೂಟೆಗಿಂತ ಮೊದಲು ಮೇನ್ ಸ್ವಿಚ್

2025ರ ಮೇ 19ರಂದು ಬೆಂಗಳೂರಿನ ಬಿಟಿಎಂ ಲೇಔಟ್ ಪ್ರದೇಶದ ಅಪಾರ್ಟ್‌ಮೆಂಟೊಂದರಲ್ಲಿ ಬೇಸ್‌ಮೆಂಟಿಗೆ ನುಗ್ಗಿದ ನೀರನ್ನು ಪಂಪ್‌ನಿಂದ ಹೊರಹಾಕುವ ಹೊತ್ತಿನಲ್ಲಿ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬರು ಹಿರಿಯರು, ಇನ್ನೊಬ್ಬ ಬಾಲಕ. ನೀರು ಅವರನ್ನು ಮುಳುಗಿಸಲಿಲ್ಲ. ನಿಂತ ನೀರಿನಲ್ಲಿ ಹರಿದ ಕರೆಂಟ್ ಕೊಂದಿತು.

ಹಾಗಾಗಿ ಕ್ರಮ ಹೀಗಿರಲಿ. ನೀರು ಇನ್ನೂ ಹೊರಗಿರುವಾಗಲೇ, ಒಣ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಅಥವಾ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಲು ಮರೆಯಬೇಡಿ. ಬೀದಿಯಲ್ಲಿ ಕರೆಂಟ್ ಹೋಗಿದ್ದರೂ ಇನ್ವರ್ಟರ್ ಮನೆಯ ವೈರುಗಳಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಸ್ವಿಚ್‌ಬೋರ್ಡಿಗೆ ಹೋಗಲು ನೀರಿನಲ್ಲಿ ಕಾಲಿಡಬೇಕಾದರೆ ಹೋಗಲೇಬೇಡಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಪ್ರಾಣಾಪಾಯವಿದ್ದರೆ 112. ನೀರು ನಿಂತ ಬೇಸ್‌ಮೆಂಟಿಗೆ ಎಲೆಕ್ಟ್ರಿಕ್ ಪಂಪ್ ಇಳಿಸುವ ಕೆಲಸ ಮನೆಯವರದ್ದೂ ಅಲ್ಲ, ವಾಚ್‌ಮನ್‌ನದ್ದೂ ಅಲ್ಲ, ಮಕ್ಕಳಂತೂ ಹತ್ತಿರ ಸುಳಿಯಬಾರದು.

ಜೋರಾಗಿ ಹರಿಯುವ ನೀರಿನಲ್ಲಿ ನಿಂತು ಮೂಟೆ ಜೋಡಿಸಬೇಡಿ. 15 ಸೆಂ.ಮೀ. ಆಳದ ರಭಸದ ನೀರು ದೊಡ್ಡವರನ್ನೂ ಕೆಡವಬಲ್ಲದು. ಚರಂಡಿಯ ಚಪ್ಪಡಿ ಎಲ್ಲಿ ಕಿತ್ತುಹೋಗಿದೆ ಎಂದು ಕೆಂಪು ನೀರಿನಲ್ಲಿ ಕಾಣುವುದಿಲ್ಲ.

ಮಳೆ ನಿಂತ ಮೇಲೆ

ನೆನೆದ ಮೂಟೆಯಲ್ಲಿ ಮರಳಿನ ಜೊತೆ ಕೊಳಚೆಯೂ ಇರುತ್ತದೆ. ಇಲಿಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರಬಹುದು. ಕಾಲಿಗೆ ಗಾಯವಿದ್ದರೆ ಅಪಾಯ ಹೆಚ್ಚು. ಗಂಬೂಟು, ಕೈಗವಸು ಹಾಕಿಕೊಂಡು ತೆಗೆಯಿರಿ. ಆ ಮರಳನ್ನು ಮಕ್ಕಳ ಆಟಕ್ಕೆ, ತರಕಾರಿ ಕುಂಡಕ್ಕೆ ಬಳಸಬೇಡಿ, ಚರಂಡಿಗೂ ಸುರಿಯಬೇಡಿ. ಮುಂದಿನ ಮಳೆಗೆ ಅದೇ ಹೂಳಾಗುತ್ತದೆ. ಒದ್ದೆಯಾಗದ ಮೂಟೆಗಳನ್ನು ನೆರಳಿನಲ್ಲಿ ಮುಚ್ಚಿಡಿ. ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ, ಗೋಣಿ ಚೀಲ ತೇವಕ್ಕೆ ಕೊಳೆಯುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಮರಳಿನ ಮೂಟೆ ಒಂದು ಅಡಿಯೊಳಗಿನ ನೀರನ್ನು ಸ್ವಲ್ಪ ಹೊತ್ತು ತಡೆಹಿಡಿಯುತ್ತದೆ. ಅರ್ಧ ತುಂಬಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಮಳೆಗೆ ಮೊದಲೇ ಇಡಿ. ಬಚ್ಚಲಿನ ತೂಬು ಮರೆಯಬೇಡಿ. ಮೇನ್ ಸ್ವಿಚ್, ಇನ್ವರ್ಟರ್ ಎರಡೂ ಆಫ್ ಮಾಡಿ. ಬೇಸ್‌ಮೆಂಟಿನಲ್ಲಿ ಮಲಗಿರುವವರನ್ನು ಎಬ್ಬಿಸಿ. ನೀರು ಏರುತ್ತಿದ್ದರೆ ಮೂಟೆ ಬಿಟ್ಟು ಮೇಲಕ್ಕೆ ಹೋಗಿ.