ಮನೆಗೆ ಎಂಥ ಫೋನು ಬೇಕು?

ಕನ್ನಡಿಯೊಳಗಿನ ಗಂಟು ಕಣ್ಣಿಗೆ ಕಾಣುತ್ತದೆ, ಕೈಗೆ ಬಾರದು. ಅಂತರ್ಜಾಲದ ಮೂಲಕ ಮಾತನಾಡುವ ಸೌಕರ್ಯವೂ ಕೆಲವೊಮ್ಮೆ ಹಾಗೆಯೇ ಆಗುವುದುಂಟು.

ನಮ್ಮ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ನಾವು ನಾಲ್ವರು. ಚನ್ನಗಿರಿ, ಹೊನ್ನಾಳಿ, ಜಗಳೂರುಗಳಿಂದ ಬಂದವರು ಮೂವರು, ನ್ಯಾಮತಿಯವನು ನಾನು. ಮನೆಗೆ ಯಾವ ಫೋನು ಸೇವೆ ಒಳ್ಳೆಯದೆಂಬ ಚರ್ಚೆ ಊಟವಾದ ಮೇಲೆ ಆಗಾಗ ಏಳುತ್ತದೆ. ‘ವಾಟ್ಸಾಪ್ ಇರುವಾಗ ಬೇರೇನು ಬೇಕು? ಖರ್ಚಿಲ್ಲ, ಮುಖವೂ ಕಾಣುತ್ತದೆ’ ಎಂಬುದು ಗೆಳೆಯರ ವಾದ. ಕಳೆದ ಮಳೆಗಾಲದವರೆಗೆ ನನ್ನ ಮತವೂ ಅದೇ ಆಗಿತ್ತು.

ಅಂದು ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಳು. ಗಾಳಿಮಳೆಗೆ ಕರೆಂಟು ಹೋಯಿತು. ಅದರೊಡನೆ ಮೋಡೆಮ್ ಆರಿತು, ವಾಟ್ಸಾಪ್ ನಿಂತಿತು. ವೈಫೈ ಇರುವಾಗ ದಂಡದ ಖರ್ಚೇಕೆಂದು ಅಜ್ಜಿಯ ಸಿಮ್ಮಿಗೆ ರೀಚಾರ್ಜು ನಿಲ್ಲಿಸಿದ್ದವನು ನಾನೇ! ಕತ್ತಲಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಜಾರಿಬಿದ್ದ ಅಜ್ಜಿ, ನೆರೆಯವರು ಬಾಗಿಲು ತಟ್ಟುವವರೆಗೆ, ಅಂದರೆ ಬೆಳಗಾಗುವವರೆಗೆ, ಕಾಲು ಹಿಡಿದು ಕುಳಿತಿದ್ದಳು. ಮೂಳೆ ಮುರಿದಿರಲಿಲ್ಲವೆಂಬುದೇ ಪುಣ್ಯ. ತಪ್ಪು ಯಂತ್ರದ್ದಲ್ಲ, ಆರಿಸಿದ ನನ್ನದು.

ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದ ಬ್ಯಾಟರಿಗಳಿಂದಲೇ 48 ವೋಲ್ಟಿನ ವಿದ್ಯುತ್ತು ಬರುತ್ತಿತ್ತು; ಮನೆಯಲ್ಲಿ ದೀಪ ಆರಿದರೂ ಫೋನು ಆರುತ್ತಿರಲಿಲ್ಲ. ಈಗಿನ ಫೈಬರು ಬೆಳಕನ್ನು ತರುತ್ತದೆಯೇ ಹೊರತು ವಿದ್ಯುತ್ತನ್ನಲ್ಲ. ಆದ್ದರಿಂದ ಫೈಬರು ಹಾಕಿಸುವವರು ಮೋಡೆಮ್ಮಿಗೆ ಒಂದು ಪುಟ್ಟ ಯುಪಿಎಸ್ಸನ್ನೂ, ಕೈಫೋನಿನಲ್ಲಿ ಜೀವಂತ ಸಿಮ್ಮನ್ನೂ ಇಟ್ಟುಕೊಳ್ಳಬೇಕು. ತುರ್ತು ಸಂಖ್ಯೆಯಾದ 112ಕ್ಕೆ ವಾಟ್ಸಾಪಿನಿಂದ ಕರೆ ಹೋಗದೆಂಬುದನ್ನೂ ಮರೆಯಬಾರದು.

ಇನ್ನು ತಂತ್ರಾಂಶದ ಮಾತು. ಇದರಲ್ಲಿ ಎಲ್ಲರಿಗೂ ಒಂದೇ ಉತ್ತರವಿಲ್ಲ. ಹೊನ್ನಾಳಿಯ ಗೆಳೆಯನ ಅಕ್ಕ ಪರದೇಶದಲ್ಲಿದ್ದಾಳೆ. ಅವನಿಗೆ ವಾಟ್ಸಾಪೇ ಸರಿ. ಜಗಳೂರಿನ ಗೆಳೆಯನ ಹಳ್ಳಿಯಲ್ಲಿ ಫೈಬರಿಲ್ಲ, ಮೊಬೈಲಿನ ನೆಟ್ಟೂ ದುರ್ಬಲ. ಅವನು ಮುಖದ ಆಸೆ ಬಿಟ್ಟು ಬರಿಯ ಮಾತಿಗೆ ತೃಪ್ತನಾದರೆ ಕರೆ ಕಡಿಯದು, ಏಕೆಂದರೆ ಮಾತಿಗೆ ಬೇಕಾದ ಡೇಟಾ ಚಿತ್ರಕ್ಕಿಂತ ಬಹಳ ಕಡಿಮೆ. ಚನ್ನಗಿರಿಯ ಗೆಳೆಯನ ಮನೆ ಅಡಿಕೆ ತೋಟದ ನಡುವೆ ಇದೆ. ಒಳಗೆ ಟವರು ಸಿಕ್ಕದು, ವೈಫೈ ಉಂಟು. ಅವನಿಗೆ, 2019ರ ಕೊನೆಗೆ ನಮ್ಮ ದೇಶದಲ್ಲಿ ಆರಂಭವಾದ ವೈಫೈ ಕಾಲಿಂಗ್ ಸಾಕು. ಫೋನಿನ ಸೆಟ್ಟಿಂಗಿನಲ್ಲಿ ಅದನ್ನೊಮ್ಮೆ ತೆರೆದರೆ, ಎಂದಿನ ನಂಬರಿನಿಂದಲೇ ಎಂದಿನಂತೆ ಮಾತನಾಡಬಹುದು. ಹಿರಿಯರು ಹೊಸದೇನನ್ನೂ ಕಲಿಯಬೇಕಾಗಿಲ್ಲ. ತಂತ್ರಾಂಶಗಳೂ ಶಾಶ್ವತವಲ್ಲವಷ್ಟೆ. 2003ರಲ್ಲಿ ಹುಟ್ಟಿ ಲೋಕಪ್ರಸಿದ್ಧವಾದ ಸ್ಕೈಪು 2025ರ ಮೇ ತಿಂಗಳಲ್ಲಿ ಮುಚ್ಚಿಹೋಯಿತು. ಅದೊಂದನ್ನೇ ಕಲಿತಿದ್ದ ಮುದುಕರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಗುರುಹಿರಿಯರೇ, ಗೆಳೆಯರೇ, ನನ್ನ ನಮ್ರ ಅಭಿಪ್ರಾಯ ಇಷ್ಟೆ: ಮನೆಯ ಫೋನನ್ನು ಆರಿಸಬೇಕಾದದ್ದು ಕೊಳ್ಳುವವನ ಜಾಣತನಕ್ಕೆ ತಕ್ಕಂತೆ ಅಲ್ಲ, ಕಷ್ಟಕಾಲದಲ್ಲಿ ಅದನ್ನು ಹಿಡಿಯುವ ಕೈಗೆ ತಕ್ಕಂತೆ. ರಜೆಗೆ ಊರಿಗೆ ಹೋದಾಗ ಮೋಡೆಮ್ ಆರಿಸಿ, ಮನೆಯ ಹಿರಿಯರ ಕೈಗೆ ಫೋನು ಕೊಟ್ಟು, ‘ಈಗ ನನಗೆ ಫೋನು ಮಾಡಿ’ ಎನ್ನಿ. ಗಂಟೆ ಬಾರಿಸಿದರೆ ನಿಮ್ಮ ಆಯ್ಕೆ ಸರಿ.

ನಾನೂ ಹಾಗೆ ಮಾಡಿದೆ. ಒಂದೇ ಅಂಕಿಯನ್ನು ಒತ್ತಿ ಹಿಡಿದರೆ ನನಗೆ ಕರೆ ಬರುವಂತೆ ಇಟ್ಟುಕೊಟ್ಟೆ. ಅಜ್ಜಿ ಒತ್ತಿದಳು, ಫೋನು ಗುಣುಗುಟ್ಟಿತು. ‘ಇಷ್ಟೇ ಏನೋ ಮಗಾ? ಇದನ್ನ ಮೊದ್ಲೇ ಹೇಳ್ಕೊಡಬಾರದಿತ್ತಾ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.