ನಡುವಿನ ಗ್ವಾಡಿ ಯಾರದು?

ಎರಡು ಮನೆ ಒಂದೇ ಗೋಡೆಗೆ ಆತು ನಿಂತರೆ ಬೆಂಗಳೂರಿನಲ್ಲಿ ಅದಕ್ಕೆ ‘ರೋ ಹೌಸ್’ ಅಂತಾರ, ಬಣ್ಣದ ಹಾಳೆಯಲ್ಲಿ ಅಚ್ಚುಹಾಕಿ ಮಾರತಾರ. ನಾವು ಕೊಳಕೂರಿನ ಕಡೆಯವರು. ನಮ್ಮ ಕೇರಿಯಲ್ಲಿ ಹಾಂಗಲ್ಲದ ಮನಿಯೇ ಅಪರೂಪ. ನಾಲ್ಕು ಗ್ವಾಡಿ ಕಟ್ಟುವ ತಾಕತ್ತಿಲ್ಲದ ನಮ್ಮ ಅಪ್ಪಂದಿರು ಮೂರು ಕಟ್ಟಿದರು. ನಾಲ್ಕನೆಯದನ್ನು ಬಾಜೂ ಮನೆಯವರ ಜೋಡಿ ಕೂಡಿ ಎಬ್ಬಿಸಿದರು. ಕಲ್ಲು ಹೊತ್ತವರು ಇಬ್ಬರು, ಮಣ್ಣು ತುಳಿದವರು ಇಬ್ಬರು. ಆಕಡೆ ಅವರ ಗೂಟ, ಈಕಡೆ ನಮ್ಮ ಗೂಟ.

ಇದಕ್ಕೆ ಕಾಗದ ಎಲ್ಲದ?

2020ರ ಅಕ್ಟೋಬರದಲ್ಲಿ ಭೀಮಾ ಹೊಳಿ ಉಕ್ಕಿ ಜೇವರ್ಗಿ, ಅಫಜಲಪುರ ತಾಲೂಕುಗಳಲ್ಲಿ ಮಣ್ಣಿನ ಗ್ವಾಡಿಗಳು ನೀರು ಕುಡಿದು ಕುಸಿದವು. ಪೂರಾ ಬಿದ್ದ ಮನೆಗೆ 5 ಲಕ್ಷ, ಸಣ್ಣ ಹಾನಿಗೆ 50 ಸಾವಿರ ಎಂದಿತು ಸರಕಾರ. ಆಯಿತು. ನಡುವಿನ ಗ್ವಾಡಿ ಬಿದ್ದರೆ ಬಿದ್ದದ್ದು ಯಾರ ಮನಿ? ಅದನ್ನು ಒಬ್ಬರ ಲೆಕ್ಕಕ್ಕೆ ಬರೆದರೆ ಇನ್ನೊಬ್ಬರದು ‘ಸಣ್ಣ ಹಾನಿ’. ತೊಲಿ ಮಾತ್ರ ಇಬ್ಬರದೂ ನೆಲಕ್ಕೆ! ಕೂಡಿ ಕಟ್ಟಿದವರು ಪರಿಹಾರದ ಬಾಗಿಲಲ್ಲಿ ಕಚ್ಚಾಡಬೇಕು.

ಅದೇ ವರ್ಷ ಏಪ್ರಿಲ್ 24ಕ್ಕೆ ಕೇಂದ್ರದ ‘ಸ್ವಾಮಿತ್ವ’ ಯೋಜನೆ ಬಂತು. ನೆಲದ ಮೇಲೆ ಸುಣ್ಣದ ಗೆರೆ, ಮುಗಿಲಲ್ಲಿ ಡ್ರೋನ್. ಮನೆಗೊಂದು ಕಾರ್ಡು ಬರಲಿ, ಬ್ಯಾಡ ಅನ್ನಾಕ ನಮಗೇನು ಹುಚ್ಚೆ? ಕಾಗದವಿಲ್ಲ ಎಂದೇ ಅಲ್ಲವೆ ನಮ್ಮವರನ್ನು ಎಬ್ಬಿಸುತ್ತ ಬಂದದ್ದು? ಆದರೆ ಮಾಳಗಿಯಿಂದ ಮಾಳಗಿಗೆ ದಾಟುವ ಕೇರಿ ಮೇಲಿಂದ ಒಂದೇ ಮಾಳಗಿಯಾಗಿ ಕಾಣತದ. ನಡುವಿನ ಗ್ವಾಡಿ ಕಾಣಬೇಕಾದರೆ ನಮ್ಮ ಹೊಸ್ತಿಲು ದಾಟಬೇಕು, ಸಾಹೇಬರೆ.

ಇನ್ನು ಊರ ಹಿರೇರು. ನೆರೆಹೊರೆ ಅಂದರ ಕೂಡಿ ಬಾಳೋದು ಅಂತ ಪುರಾಣ ಹೇಳತಾರ. ಗೌಡರ ಮನಿಗೂ ಶೆಟ್ಟರ ಮನಿಗೂ ಒಂದೇ ಗ್ವಾಡಿ, ಖರೆ. ನಮಗೂ ನಿಮಗೂ ನಡುವೆ ಅಷ್ಟು ಬಯಲು ಬಿಟ್ಟವರಾರು? ನಿಮ್ಮ ‘ಜಂಟಿ ಆಸ್ತಿ’ಯ ಅರ್ಥ ಮಹಾಡದಲ್ಲೇ ತಿಳಿಯಿತು. 1927ರಲ್ಲಿ ಬಾಬಾಸಾಹೇಬರು ಚವದಾರ ಕೆರೆಯ ನೀರು ಮುಟ್ಟಿದರು. ಪುರಸಭೆಯ ಕೆರೆಯನ್ನು ‘ನಮ್ಮದು’ ಎಂದು ಸವರ್ಣೀಯರು ಕೋರ್ಟಿಗೆ ಓಡಿದರು. ಅವರ ಆ ಮಾತನ್ನು ಮುಂಬಯಿ ಹೈಕೋರ್ಟು ತಳ್ಳಿಹಾಕಲು 1937 ಬರಬೇಕಾಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ನಾವು ಗ್ವಾಡಿಗಾಗಿ ಹತ್ತು ವರ್ಷ ಕಾಯೋದಿಲ್ಲ. ಅಳೆಯಾಕ ಬಂದವರು ಕೇರಿಯೊಳಗೆ ಬರಲಿ. ಎರಡೂ ಮನೆಯವರನ್ನು ಕೂಡಿಸಿ ಕೇಳಲಿ. ನಡುವಿನ ಗ್ವಾಡಿಯನ್ನು ಎರಡೂ ಕಾರ್ಡಿನಲ್ಲಿ, ಇಬ್ಬರ ಹೆಸರಿಗೂ ಬರೆಯಲಿ. ಬಿದ್ದ ದಿನ ಪರಿಹಾರವೂ ಇಬ್ಬರಿಗೂ ಪೂರಾ ಬರಲಿ.