ಬನ್ನೇರುಘಟ್ಟದ ಚಿರತೆ, ಗುಬ್ಬಿಯ ಚಿರತೆ

ತುಮಕೂರಿನಿಂದ ಗೆಳೆಯರು ಸೇರಿ ಭಾನುವಾರ ಬನ್ನೇರುಘಟ್ಟಕ್ಕೆ ಹೋಗಿ, ಜಾಲರಿ ಹಾಕಿದ ಬಸ್ಸಿನಿಂದ ಚಿರತೆ ನೋಡಿ ಬರುವುದು ಒಳ್ಳೆಯದೇ. 2024ರಲ್ಲಿ ಅಲ್ಲಿ ಚಿರತೆ ಸಫಾರಿಯೇ ಪ್ರತ್ಯೇಕವಾಗಿ ಶುರುವಾಗಿದೆ. ಆದರೆ ಚಿರತೆ ಇರಬೇಕಾದ ಜಾಗವೇ ಆ ಬೇಲಿಯೊಳಗೆ ಎಂಬ ಭಾವನೆ ಮನಸ್ಸಿನಲ್ಲಿ ಬೇರೂರಬಾರದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಂಡೆಗಳ ಸಂದು, ಗುಬ್ಬಿ, ಕುಣಿಗಲ್ ಸೀಮೆಯ ಕುರುಚಲು ಗುಡ್ಡಗಳು ಅದರ ಸಹಜ ನೆಲೆ.

2019ರ ಕೊನೆಗೂ 2020ರ ಆರಂಭಕ್ಕೂ ನಡುವೆ ಇದೇ ಸೀಮೆಯಲ್ಲಿ ಚಿರತೆ ದಾಳಿಗೆ ಮಕ್ಕಳೂ ವೃದ್ಧರೂ ಬಲಿಯಾದರಲ್ಲ, ಚಿರತೆಗಳನ್ನೆಲ್ಲ ಹಿಡಿದು ಸಾಗಿಸಬಾರದೇಕೆ ಎಂದು ಕೇಳುವವರಿದ್ದಾರೆ. ಮಗುವನ್ನು ಕಳೆದುಕೊಂಡ ಮನೆಯವರ ಸಿಟ್ಟು ನ್ಯಾಯವಾದದ್ದು. ಮನುಷ್ಯರ ಮೇಲೆರಗುವ ಪ್ರಾಣಿಯನ್ನು ಹಿಡಿಯಲೇಬೇಕು. ಆದರೆ ಕಂಡ ಚಿರತೆಗೆಲ್ಲ ಬೋನು ಇಟ್ಟರೆ ತೆರವಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಿಡಿದ ಚಿರತೆಗಳನ್ನು ಬೇರೆ ಕಾಡುಗಳಿಗೆ ಬಿಡತೊಡಗಿದ ಮೇಲೆ ದಾಳಿಗಳು ಹೆಚ್ಚಿದ್ದನ್ನು ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಅವರ ಅಧ್ಯಯನ ತೋರಿಸಿದೆ. ಭದ್ರವಾದ ಕೊಟ್ಟಿಗೆ, ಊರಂಚಿನಲ್ಲಿ ಕೋಳಿತ್ಯಾಜ್ಯ ಸುರಿಯದಿರುವುದು, ಸಂಜೆ ಮಕ್ಕಳು ಒಂಟಿಯಾಗಿ ತೋಟದತ್ತ ಹೋಗದಂತೆ ನೋಡಿಕೊಳ್ಳುವುದು ಬೋನಿಗಿಂತ ಹೆಚ್ಚು ಜೀವ ಉಳಿಸುತ್ತವೆ. ಸಫಾರಿ ಬಸ್ಸಿನಲ್ಲಿ ಇಷ್ಟನ್ನಾದರೂ ಹೇಳಲಿ: ಹೊರಗಿನಿಂದ ಹಿಡಿದು ತಂದ ಪ್ರಾಣಿಯಾದರೆ ಅದು ಯಾವ ಊರಿನದು, ಅಲ್ಲಿಂದ ತರಬೇಕಾಗಿ ಬಂದದ್ದು ಏಕೆ ಎಂದು.